ಕ್ಯಾಲ್ಕುಲೇಟರ್ ಹುಟ್ಟುವ ಮೊದಲೇ ‘ಇಲ್ಲ’ ಎಂದವರು: ಗಣಿತಜ್ಞ ಮಹಾವೀರಾಚಾರ್ಯ

ನಮ್ಮ ಪ್ರಥಮ ಪಿಯುಸಿ ಗಣಿತ ಪುಸ್ತಕದಲ್ಲಿ ಹಲವು ಅಧ್ಯಾಯಗಳ ಕೊನೆಗೆ ‘ಹಿಸ್ಟಾರಿಕಲ್ ನೋಟ್’ ಎಂಬ ಸಣ್ಣ ಭಾಗವಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಹೆಚ್ಚಿನವರು ಓದುವುದಿಲ್ಲ. ಕಾಂಪ್ಲೆಕ್ಸ್ ನಂಬರ್, ಅಂದರೆ ಸಂಕೀರ್ಣ ಸಂಖ್ಯೆಗಳ ಅಧ್ಯಾಯದ ಕೊನೆಯಲ್ಲಿ ಅಲ್ಲಿ ಒಂದು ಹೆಸರು ಬರುತ್ತದೆ: ಮಹಾವೀರ, ಕ್ರಿ.ಶ. 850. ಕ್ರಮಯೋಜನೆ ಮತ್ತು ವಿಕಲ್ಪಗಳ ಅಧ್ಯಾಯದ ಕೊನೆಯಲ್ಲೂ ಅದೇ ಹೆಸರು, ಅದೇ ಇಸವಿ. ಒಂದೇ ಪುಸ್ತಕದಲ್ಲಿ ಎರಡು ಸಲ ಬರುವ ಈ ವ್ಯಕ್ತಿ ಯಾರೆಂದು ಹುಡುಕುತ್ತಾ ಹೋದಾಗ, ಅವರು ನಮ್ಮ ಕರ್ನಾಟಕದ ರಾಜನ ಆಶ್ರಯದಲ್ಲಿದ್ದವರೆಂದೂ, ಆ ರಾಜಮನೆತನದ ಗುರುತು ನಮ್ಮ ಹಾವೇರಿ ಜಿಲ್ಲೆಯಲ್ಲೇ ಉಳಿದಿದೆಯೆಂದೂ ನನಗೆ ತಿಳಿಯಿತು. ಈ ವರ್ಷ ನಮ್ಮ ತರಗತಿಯಲ್ಲಿ ಕ್ಯಾಲ್ಕುಲೇಟರ್ ಬಗ್ಗೆ ಎದ್ದ ಒಂದು ಜಗಳಕ್ಕೂ ಅವರಲ್ಲಿ ದಾರಿ ಸಿಕ್ಕಿತು. ಆದ್ದರಿಂದ ಈ ಸಲದ ಸಂಚಿಕೆಗೆ ಅವರ ಬದುಕನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಮಹಾವೀರ ಎಂದ ಕೂಡಲೇ ನಮಗೆ ನೆನಪಾಗುವವರು ಜೈನರ 24ನೇ ತೀರ್ಥಂಕರ ವರ್ಧಮಾನ ಮಹಾವೀರ. ಗಣಿತಜ್ಞ ಮಹಾವೀರರು ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರದವರು. ಅವರೂ ಜೈನರೇ. ತಮ್ಮ ಗ್ರಂಥವನ್ನು ತೀರ್ಥಂಕರ ಮಹಾವೀರರಿಗೆ ನಮಸ್ಕರಿಸಿಯೇ ಆರಂಭಿಸಿದ್ದಾರೆ. ಬೇರೆಯಾಗಿ ಗುರುತಿಸಲು ಅವರನ್ನು ಮಹಾವೀರಾಚಾರ್ಯ ಎಂದು ಕರೆಯುವುದು ರೂಢಿ.

ಅವರು ಬಾಳಿದ್ದು ರಾಷ್ಟ್ರಕೂಟರ ಕಾಲದಲ್ಲಿ. ಆಗಿನ ಅರಸ ಅಮೋಘವರ್ಷ ನೃಪತುಂಗ. ತಂದೆ ಮೂರನೇ ಗೋವಿಂದ ತೀರಿಕೊಂಡಾಗ, 814ರಲ್ಲಿ, ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದ ಈತ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಇವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಇದೇ ಆಸ್ಥಾನದಲ್ಲಿ ಹುಟ್ಟಿತೆಂದು ಕನ್ನಡ ತರಗತಿಯಲ್ಲಿ ಓದಿದ್ದೇವೆ. ಅದೇ ಆಸ್ಥಾನದ ಆಶ್ರಯದಲ್ಲೇ, ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ, ಒಂದು ದೊಡ್ಡ ಗಣಿತ ಗ್ರಂಥವೂ ಹುಟ್ಟಿತು. ಮಹಾವೀರಾಚಾರ್ಯರು ಅದರ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾರೆ. ಅವರ ಕಾಲವನ್ನು ನಾವು ತಿಳಿಯುವುದು ಆ ಪದ್ಯಗಳಿಂದಲೇ.

ನಮ್ಮ ಜಿಲ್ಲೆಯ ನಂಟು ಬರುವುದು ಇಲ್ಲಿ. ಅಮೋಘವರ್ಷನ ನೆಚ್ಚಿನ ದಂಡನಾಯಕನ ಹೆಸರು ಬಂಕೇಯ. ಅವನ ಹೆಸರಿನಿಂದಲೇ ನಮ್ಮ ಬಂಕಾಪುರಕ್ಕೆ ಆ ಹೆಸರು ಬಂತು. ನವಿಲುಧಾಮ, ಕೋಟೆ ಎಂದು ನಾವು ಪ್ರವಾಸ ಹೋಗುವ ಊರು ಅದು. ಅಮೋಘವರ್ಷನ ಗುರು ಜಿನಸೇನಾಚಾರ್ಯರು. ಅವರ ಶಿಷ್ಯ ಗುಣಭದ್ರರ ‘ಉತ್ತರಪುರಾಣ’ 898ರಲ್ಲಿ ಇದೇ ಬಂಕಾಪುರದಲ್ಲಿ ಪೂಜೆಗೊಂಡಿತು. ಆಗ ಬಂಕೇಯನ ಮಗ ಲೋಕಾದಿತ್ಯ ಅಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದ. ಮಹಾವೀರಾಚಾರ್ಯರು ಬಂಕಾಪುರಕ್ಕೆ ಬಂದಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ನೆರಳು ಕೊಟ್ಟ ವಿದ್ಯಾವಂತರ ಬಳಗ ನಮ್ಮ ಹೊಸರಿತ್ತಿಗೆ ತೀರಾ ದೂರದ್ದಲ್ಲ.

ಇನ್ನೊಂದು ನಂಟೂ ಇದೆ. ಅಮೋಘವರ್ಷ ಪಟ್ಟಕ್ಕೆ ಬರುವ ಒಂದು ವರ್ಷ ಮೊದಲು, 813ರಲ್ಲಿ, ಬಗ್ದಾದಿನ ಅಬ್ಬಾಸಿ ಖಿಲಾಫತ್ತಿಗೆ ಅಲ್-ಮಾಮೂನ್ ಬಂದ. ಅವನ ಕಾಲದ ಬೈತುಲ್ ಹಿಕ್ಮಾದಲ್ಲಿ ಅಲ್-ಖ್ವಾರಿಜ್ಮಿ ‘ಅಲ್-ಜಬ್ರ್’ ಕುರಿತ ತಮ್ಮ ಪುಸ್ತಕ ಬರೆದರು. ಆಲ್ಜಿಬ್ರಾ ಎಂಬ ಹೆಸರು ಬಂದದ್ದು ಆ ಪುಸ್ತಕದಿಂದ, ಅಲ್ಗಾರಿದಮ್ ಎಂಬ ಪದ ಬಂದದ್ದು ಅವರ ಹೆಸರಿನಿಂದ. ಭಾರತದ ಅಂಕಿಗಳನ್ನು ವಿವರಿಸಿಯೂ ಅವರು ಒಂದು ಪುಸ್ತಕ ಬರೆದರು. ಅರಬ್ ವ್ಯಾಪಾರಿಗಳು ರಾಷ್ಟ್ರಕೂಟ ಅರಸರನ್ನು ‘ಬಲ್ಹರಾ’ ಎಂದು ಕರೆಯುತ್ತಿದ್ದರು. ವಲ್ಲಭರಾಜ ಎಂಬ ಬಿರುದು ಅವರ ಬಾಯಲ್ಲಿ ಹಾಗಾಗಿತ್ತು. ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬ್ಬಿ ಗ್ರಂಥ ಬಲ್ಹರಾನನ್ನು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿ, ಅರಬ್ಬರ ಮೇಲೆ ಅವನಿಗೆ ಬಹಳ ಪ್ರೀತಿ ಎಂದು ಹೇಳುತ್ತದೆ. ಬಗ್ದಾದಿನಲ್ಲೂ ಮಾನ್ಯಖೇಟದ ಆಸ್ಥಾನದಲ್ಲೂ ಒಂದೇ ಕಾಲದಲ್ಲಿ ಗಣಿತ ಬೆಳೆಯುತ್ತಿತ್ತು, ಎರಡು ನಾಡುಗಳ ನಡುವೆ ಹಡಗುಗಳು ಓಡಾಡುತ್ತಿದ್ದವು.

ಮಹಾವೀರಾಚಾರ್ಯರ ಗ್ರಂಥದ ಹೆಸರು ‘ಗಣಿತಸಾರಸಂಗ್ರಹ’. ಸುತ್ತಲಿನ ನಾಡು ಕನ್ನಡದ್ದು, ಗ್ರಂಥದ ಭಾಷೆ ಸಂಸ್ಕೃತ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬದುಕುವ ನಮಗೆ ಇದು ವಿಚಿತ್ರವೆನಿಸುವುದಿಲ್ಲ. ಗ್ರಂಥದಲ್ಲಿ 9 ಅಧ್ಯಾಯಗಳಿವೆ, 1,100ಕ್ಕೂ ಹೆಚ್ಚು ಪದ್ಯಗಳಿವೆ. ಅಳತೆ ಮತ್ತು ಪರಿಭಾಷೆ, ಮೂಲ ಕ್ರಿಯೆಗಳು, ಭಿನ್ನರಾಶಿಗಳು, ತ್ರೈರಾಶಿಕ, ಬಡ್ಡಿ ಮತ್ತು ಮಿಶ್ರ ಲೆಕ್ಕಗಳು, ಕ್ಷೇತ್ರಫಲ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಅಲ್ಲಿವೆ. ಅದಕ್ಕಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತರಂಥವರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥದೊಳಗೆ ಒಂದೆರಡು ಅಧ್ಯಾಯವಾಗಿ ಸೇರಿಸುತ್ತಿದ್ದರು. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಬದಿಗಿಟ್ಟು ಗಣಿತಕ್ಕೇ ಒಂದು ಪೂರ್ಣ ಗ್ರಂಥ ಕೊಟ್ಟರು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಯಾವುದಕ್ಕೂ ಲೆಕ್ಕ ಬೇಕೆಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ಗಣಿತ ಯಾಕೆ ಕಲಿಯಬೇಕೆಂದು ಕೇಳುವ ನಮ್ಮ ಕಲಾ ವಿಭಾಗದ ಗೆಳೆಯರಿಗೆ ಉತ್ತರ ಅಲ್ಲೇ ಇದೆ.

ಅವರ ಲೆಕ್ಕಗಳು ಒಣ ಲೆಕ್ಕಗಳಲ್ಲ. ಒಂದರಲ್ಲಿ 9 ಮಾದಳ ಹಣ್ಣು ಮತ್ತು 7 ಬೇಲದ ಹಣ್ಣು ಸೇರಿ ಬೆಲೆ 107, 7 ಮಾದಳ ಮತ್ತು 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟೆಂದು ಕೇಳುತ್ತಾರೆ. ಮಾದಳಕ್ಕೆ 8, ಬೇಲಕ್ಕೆ 5. ಹತ್ತನೇ ತರಗತಿಯಲ್ಲಿ ನಾವು ಬಿಡಿಸಿದ ಜೋಡಿ ಸಮೀಕರಣ ಇದೇ ತಾನೆ? ಸಂಖ್ಯೆಗಳನ್ನು ಹಾರದಂತೆ ಪೋಣಿಸುವುದೂ ಅವರಿಗೆ ಇಷ್ಟ. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವರ ಕಣ್ಣಿಗೆ ಇವು ಕೊರಳ ಹಾರಗಳು. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಭಿನ್ನರಾಶಿ ಅವರ ಪ್ರೀತಿಯ ವಿಷಯ. ಛೇದಗಳಿಗೆ ಲ.ಸಾ.ಅ. ತೆಗೆದು ಲೆಕ್ಕ ಸುಲಭ ಮಾಡುವ ಕ್ರಮವನ್ನು ಅವರು ‘ನಿರುದ್ಧ’ ಎಂಬ ಹೆಸರಿನಿಂದ ಕಲಿಸಿದರು. ಒಂದು ಎಂಬುದನ್ನು ಅಂಶ 1 ಇರುವ ಎಷ್ಟು ಬೇಕಾದರೂ ಭಿನ್ನರಾಶಿಗಳಾಗಿ ಒಡೆಯುವ ಸೂತ್ರ ಕೊಟ್ಟರು. 1/2, 1/3, 1/9, 1/18 ಕೂಡಿಸಿ ನೋಡಿ, ಸರಿಯಾಗಿ ಒಂದು ಬರುತ್ತದೆ. ಕೆಲವು ವಸ್ತುಗಳಲ್ಲಿ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಸಾಮಾನ್ಯ ಸೂತ್ರವೂ ಅವರದೇ. ನಮ್ಮ ಪುಸ್ತಕದಲ್ಲಿ ಅವರ ಹೆಸರು ಎರಡನೇ ಸಲ ಬಂದದ್ದು ಅದಕ್ಕಾಗಿ.

ಈಗ ಮೊದಲನೇ ಸಲ ಹೆಸರು ಬಂದ ಕಾರಣಕ್ಕೆ ಬರೋಣ.

ಋಣ ಸಂಖ್ಯೆಗಳ ಕೂಡು, ಕಳೆ, ಗುಣಾಕಾರದ ನಿಯಮಗಳು 628ರಲ್ಲೇ ಬ್ರಹ್ಮಗುಪ್ತರ ಗ್ರಂಥದಲ್ಲಿದ್ದವು. ಋಣ ಎಂದರೆ ಸಾಲ, ಧನ ಎಂದರೆ ಕೈಯಲ್ಲಿರುವುದು. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಜಮಾ ಖರ್ಚಿನ ಪುಸ್ತಕದಲ್ಲಿ ಇವೆರಡೂ ದಿನಾ ಕಾಣುತ್ತವೆ. ಮಹಾವೀರಾಚಾರ್ಯರು ಈ ನಿಯಮಗಳನ್ನು ಹೇಳಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಧನ ಸಂಖ್ಯೆಯ ವರ್ಗವೂ ಧನ, ಋಣ ಸಂಖ್ಯೆಯ ವರ್ಗವೂ ಧನ. ಹಾಗಾದರೆ ಋಣ ಸಂಖ್ಯೆ ಎಂಬುದು ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ. ವರ್ಗವೇ ಅಲ್ಲದ್ದಕ್ಕೆ ವರ್ಗಮೂಲ ಎಲ್ಲಿಂದ ಬರಬೇಕು? ಆದ್ದರಿಂದ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ತೀರ್ಮಾನಿಸಿದರು. ಇಷ್ಟು ಸ್ಪಷ್ಟವಾಗಿ ಈ ತೊಡಕನ್ನು ಮೊದಲು ಹೇಳಿದವರು ಅವರೆಂದು ನಮ್ಮ ಪಠ್ಯಪುಸ್ತಕ ಮನ್ನಣೆ ಕೊಡುತ್ತದೆ. ಅಲ್-ಖ್ವಾರಿಜ್ಮಿಯವರೂ ವರ್ಗ ಸಮೀಕರಣ ಬಿಡಿಸುವಾಗ ಇದೇ ಬಾಗಿಲ ಮುಂದೆ ನಿಂತರು. ಅರ್ಧದ ವರ್ಗ ಕೊಟ್ಟ ಸಂಖ್ಯೆಗಿಂತ ಚಿಕ್ಕದಾದರೆ ಆ ಲೆಕ್ಕ ಅಸಾಧ್ಯವೆಂದು ಬರೆದರು.

ಇಲ್ಲ ಎಂಬ ಉತ್ತರಕ್ಕಿಂತ ನನಗೆ ಮುಖ್ಯವೆನಿಸಿದ್ದು ಅದರ ಜೊತೆಗಿದ್ದ ಕಾರಣ. ಅದು ಯಾಕೆ ಮುಖ್ಯವೆಂದು ಹೇಳಲು ನಮ್ಮ ತರಗತಿಯ ಜಗಳಕ್ಕೆ ಬರಬೇಕು.

ಸಿಇಟಿ ತಯಾರಿಯ ಒಂದು ದಿನ ನಮ್ಮ ಗಣಿತ ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಒಂದು ಫಲನ ಬರೆದು ಅದರ ಗ್ರಾಫ್ ಕೇಳಿದರು: ಎಕ್ಸ್‌ನ 1/3 ಘಾತ. ಎಕ್ಸ್ ಬೆಲೆ −8 ಆದಾಗ ಏನೆಂಬಲ್ಲಿ ಜಗಳ ಶುರುವಾಯಿತು. ಕ್ಯಾಸಿಯೋ ಎಫ್‌ಎಕ್ಸ್-991 ಇದ್ದ ಗೆಳತಿಗೆ −2 ಬಂತು. ಮೊಬೈಲಿನಲ್ಲಿ ಡೆಸ್ಮಾಸ್ ತೆರೆದವನಿಗೂ −2 ಬಂತು, ಗ್ರಾಫ್ ಎಡಕ್ಕೂ ಬಲಕ್ಕೂ ಹರಡಿತು. ವುಲ್ಫ್ರಾಮ್ ಆಲ್ಫಾ ನೋಡಿದವನಿಗೆ 1 + 1.732 ಐ ಎಂಬ ಸಂಕೀರ್ಣ ಸಂಖ್ಯೆ ಸಿಕ್ಕಿತು. ಕಂಪ್ಯೂಟರ್ ಸೈನ್ಸ್‌ನವರು ಪೈಥಾನ್‌ನಲ್ಲಿ ಹಾಕಿದರೆ ಅಲ್ಲೂ ಅದೇ ಸಂಕೀರ್ಣ ಸಂಖ್ಯೆ. ಅದೇ ಪೈಥಾನ್‌ನ ಮ್ಯಾತ್ ಲೈಬ್ರರಿಯ ಪವರ್ ಫಂಕ್ಷನ್ ಬಳಸಿದರೆ ಉತ್ತರವೇ ಇಲ್ಲ, ಎರರ್. ಒಂದು ಪ್ರಶ್ನೆ, ಮೂರು ಉತ್ತರ. ಯಾವ ಯಂತ್ರ ಕೆಟ್ಟಿದೆ?

ಯಾವುದೂ ಕೆಟ್ಟಿಲ್ಲ. ಒಂದೊಂದು ಯಂತ್ರ ಒಂದೊಂದು ನಿಯಮ ಇಟ್ಟುಕೊಂಡಿದೆ. ಆದರೆ ಆ ನಿಯಮವನ್ನು ಪರದೆಯ ಮೇಲೆ ಹೇಳುವುದಿಲ್ಲ, ಅಷ್ಟೇ.

ಮೊದಲನೇ ನಿಯಮ ಮಹಾವೀರಾಚಾರ್ಯರ ದಾರಿಯದು. −2ನ್ನು ಮೂರು ಸಲ ಗುಣಿಸಿದರೆ −8. ಹಾಗಾಗಿ −8 ವರ್ಗವಲ್ಲದಿದ್ದರೂ ಘನವಂತೂ ಹೌದು, ಅದಕ್ಕೆ ಘನಮೂಲ ಇದೆ. ಅವರ ತರ್ಕವನ್ನೇ ಮುಂದುವರಿಸಿದರೆ ಹೀಗೆ ಹೇಳಬಹುದು: ಬೆಸ ಸಲ ಗುಣಿಸಿದಾಗ ಋಣ ಸಂಖ್ಯೆ ಋಣವಾಗಿಯೇ ಉಳಿಯುತ್ತದೆ, ಸಮ ಸಲ ಗುಣಿಸಿದಾಗ ಉಳಿಯುವುದಿಲ್ಲ. ಆದ್ದರಿಂದ ಘಾತಾಂಕದ ಛೇದ ಬೆಸವಾಗಿದ್ದರೆ ಉತ್ತರವಿದೆ, ಸಮವಾಗಿದ್ದರೆ ಇಲ್ಲ. ಕ್ಯಾಸಿಯೋದ ಕೈಪಿಡಿಯಲ್ಲೂ ಇದೇ ಇದೆ. ಬುಡದ ಸಂಖ್ಯೆ ಋಣವಾದರೆ ಘಾತಾಂಕ ಪೂರ್ಣಾಂಕವಾಗಿರಬೇಕು, ಇಲ್ಲವೇ ಬೆಸ ಛೇದದ ಭಿನ್ನರಾಶಿಯಾಗಿರಬೇಕು. 1/3 ಬದಲು 0.333 ಎಂದು ಒತ್ತಿದರೆ ಅದು 333/1000, ಛೇದ ಸಮ. ಆ ನಿಯಮದ ಪ್ರಕಾರ ಅದಕ್ಕೆ ಉತ್ತರವಿಲ್ಲ.

ಇಲ್ಲೊಂದು ಗುಂಡಿಯಿದೆ. 1/3 ಮತ್ತು 2/6 ಒಂದೇ ಬೆಲೆ. ಆದರೆ −8ನ್ನು ಮೊದಲು ವರ್ಗ ಮಾಡಿ 64 ಪಡೆದು, ಆರನೇ ಮೂಲ ತೆಗೆದರೆ ಬರುವುದು +2. ಘನಮೂಲ ತೆಗೆದರೆ −2. ಒಂದೇ ಘಾತಾಂಕ, ಎರಡು ಉತ್ತರ! ಹಾಗಾಗಿ ಭಿನ್ನರಾಶಿಯನ್ನು ಮೊದಲು ಸಂಕ್ಷಿಪ್ತ ರೂಪಕ್ಕೆ ತರಲೇಬೇಕು. ಒಂಬತ್ತನೇ ತರಗತಿಯ ಪುಸ್ತಕ ಈ ಕಾರಣಕ್ಕೇ ಭಿನ್ನ ಘಾತದ ವ್ಯಾಖ್ಯೆಯನ್ನು ಧನ ಸಂಖ್ಯೆಗಳಿಗೆ ಮಾತ್ರ ಕೊಟ್ಟಿತ್ತು. ಅಂಶ ಛೇದಗಳಿಗೆ ಸಾಮಾನ್ಯ ಅಪವರ್ತನ ಇರಬಾರದೆಂದೂ ಹೇಳಿತ್ತು. ಅದನ್ನು ಬಾಯಿಪಾಠ ಮಾಡಿದ್ದೆವು, ಯಾಕೆಂದು ಕೇಳಿರಲಿಲ್ಲ.

ಎರಡನೇ ನಿಯಮ ಲಾಗರಿದಮ್‌ನದು. ಬಹಳಷ್ಟು ಪ್ರೋಗ್ರಾಮುಗಳು ಘಾತವನ್ನು ಲಾಗರಿದಮ್ ಮೂಲಕ ಲೆಕ್ಕ ಹಾಕುತ್ತವೆ. ಬುಡದ ಸಂಖ್ಯೆಯ ಲಾಗ್ ತೆಗೆದು, ಘಾತಾಂಕದಿಂದ ಗುಣಿಸಿ, ಮತ್ತೆ ಹಿಂದಕ್ಕೆ ಬರುವುದು. ಋಣ ಸಂಖ್ಯೆಗೆ ವಾಸ್ತವ ಲಾಗ್ ಇಲ್ಲ, ಆದ್ದರಿಂದ ಎರರ್. ಛೇದ ಬೆಸವೇ ಎಂದು ಅವು ನೋಡಬಾರದೇ? ನೋಡಲಾಗದು. ಕಂಪ್ಯೂಟರ್ ಸಾಮಾನ್ಯವಾಗಿ 1/3ನ್ನು 1/3 ಎಂದೇ ಇಟ್ಟುಕೊಳ್ಳುವುದಿಲ್ಲ, ದ್ವಿಮಾನ ಪದ್ಧತಿಯಲ್ಲಿ ಹತ್ತಿರದ ಸಂಖ್ಯೆಯೊಂದನ್ನು ಇಡುತ್ತದೆ. ಆ ಸಂಖ್ಯೆ 6004799503160661/18014398509481984. ಈ ಛೇದ 2ನ್ನು 54 ಸಲ ಗುಣಿಸಿದ್ದು, ಅಂದರೆ ಸಮ. ಬೆಸ ಎಂಬ ಗುಣ ಒಳಗೆ ಹೋಗುವ ದಾರಿಯಲ್ಲೇ ಕಳೆದುಹೋಯಿತು. 1/3 ಎಂದು ಬರೆದದ್ದನ್ನು ಭಿನ್ನರಾಶಿಯಾಗಿಯೇ ಗುರುತಿಸುವ ಯಂತ್ರ ಮಾತ್ರ −2 ಕೊಡಬಲ್ಲದು.

ಮೂರನೇ ನಿಯಮಕ್ಕೆ ಬರಲು ಮಹಾವೀರಾಚಾರ್ಯರ ನಂತರ ಏಳೆಂಟು ಶತಮಾನ ಕಾಯಬೇಕಾಯಿತು. 1150ರಲ್ಲಿ ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂಬ ಮಾತನ್ನೇ ಎತ್ತಿಹಿಡಿದರು. 1545ರಲ್ಲಿ ಇಟಲಿಯ ಕಾರ್ಡಾನೋ ಮೊತ್ತ 10, ಗುಣಲಬ್ಧ 40 ಇರುವ ಎರಡು ಸಂಖ್ಯೆ ಹುಡುಕುತ್ತಾ −15ರ ವರ್ಗಮೂಲವನ್ನು ಬರೆದೇ ಬಿಟ್ಟರು. 1572ರಲ್ಲಿ ಬೊಂಬೆಲ್ಲಿ ಅಂಥ ಮೂಲಗಳ ಲೆಕ್ಕಕ್ಕೆ ನಿಯಮ ಕೊಟ್ಟರು. ಅವುಗಳ ಮೂಲಕ ಹೋದರೆ ಕೊನೆಗೆ 4ರಂಥ ನೇರ ಉತ್ತರ ಸಿಗುವುದನ್ನು ತೋರಿಸಿದರು. 1777ರಲ್ಲಿ ಆಯ್ಲರ್ −1ರ ವರ್ಗಮೂಲಕ್ಕೆ ‘ಐ’ ಎಂಬ ಗುರುತು ಬಳಸಿದರು. 1797ರಲ್ಲಿ ವೆಸೆಲ್ ಈ ಸಂಖ್ಯೆಗಳನ್ನು ಸಮತಲದ ಮೇಲೆ ಉದ್ದ ಮತ್ತು ಕೋನವಾಗಿ ಚಿತ್ರಿಸಿ ತೋರಿಸಿದರು.

ಆ ಚಿತ್ರದಲ್ಲಿ −8 ಎಂದರೆ ಉದ್ದ 8, ಕೋನ 180 ಡಿಗ್ರಿ. ಘನಮೂಲಕ್ಕೆ ಉದ್ದದ ಘನಮೂಲ ತೆಗೆಯಿರಿ, 2. ಕೋನವನ್ನು ಮೂರು ಪಾಲು ಮಾಡಿ, 60 ಡಿಗ್ರಿ. ಅಲ್ಲಿ ಸಿಗುವುದೇ 1 + 1.732 ಐ. ಅದನ್ನು ಮೂರು ಸಲ ಗುಣಿಸಿ ನೋಡಿದೆ, ಸರಿಯಾಗಿ −8 ಬಂತು. ಹೀಗೆ −8ಕ್ಕೆ ಘನಮೂಲಗಳು ಮೂರು: 60, 180 ಮತ್ತು 300 ಡಿಗ್ರಿ ಕೋನಗಳಲ್ಲಿ. 180ರಲ್ಲಿ ಇರುವುದು ನಮ್ಮ −2. ವುಲ್ಫ್ರಾಮ್ ಆಲ್ಫಾ ಮತ್ತು ಪೈಥಾನ್ −8ರ ಕೋನವನ್ನು 180 ಎಂದು ಹಿಡಿದು ಮೂರರಿಂದ ಭಾಗಿಸಿದ್ದನ್ನು ಮುಖ್ಯ ಮೂಲವೆಂದು ಕೊಡುತ್ತವೆ. ಕ್ಯಾಸಿಯೋ ಮತ್ತು ಡೆಸ್ಮಾಸ್ ವಾಸ್ತವ ಸಂಖ್ಯೆಯನ್ನು ಆರಿಸುತ್ತವೆ. ಇಬ್ಬರೂ ನಿಜ ಹೇಳುತ್ತಾರೆ, ನಿಂತ ಜಾಗ ಬೇರೆ.

ಇದು ಬರೀ ಕುತೂಹಲದ ವಿಷಯವಲ್ಲ. ಎಕ್ಸ್‌ನ 2/3 ಘಾತದ ವಕ್ರರೇಖೆಯ ಕೆಳಗೆ −1ರಿಂದ 1ರವರೆಗೆ ಕ್ಷೇತ್ರಫಲ ಎಷ್ಟು? ಎಡಭಾಗವನ್ನೂ ಬಿಡಿಸುವ ಗ್ರಾಫ್ ನೋಡಿದವರು 6/5 ಎನ್ನುತ್ತಾರೆ. ಬಲಭಾಗವನ್ನು ಮಾತ್ರ ಬಿಡಿಸುವ ಪ್ರೋಗ್ರಾಮನ್ನು ನಂಬಿದವರು 3/5 ಎನ್ನುತ್ತಾರೆ. ಉತ್ತರ ಅರ್ಧಕ್ಕೆ ಇಳಿಯಿತು, ಅಂಕವೂ ಹೋಯಿತು. ಸಿಇಟಿ ಕೊಠಡಿಯೊಳಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಅಲ್ಲಿ ನಮ್ಮ ಜೊತೆ ಬರುವುದು ಕಾರಣ ಮಾತ್ರ.

ಮಹಾವೀರಾಚಾರ್ಯರು ಎಲ್ಲವನ್ನೂ ಸರಿಯಾಗಿಯೇ ಹೇಳಿದರೆಂದು ಬರೆದರೆ ಅದು ಹೊಗಳಿಕೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆಂದು ಅವರು ಬರೆದಿದ್ದಾರೆ. ಅದು ತಪ್ಪು. ಅಲ್ಲಿಯೂ ಅವರು ಋಣ ಸಂಖ್ಯೆಗೆ ಹಾಕಿದ ಪರೀಕ್ಷೆಯನ್ನೇ ಹಾಕಿದ್ದರೆ, ಸೊನ್ನೆಯಿಂದ ಗುಣಿಸಿ ಮೂಲ ಸಂಖ್ಯೆಯನ್ನು ಮರಳಿ ಪಡೆಯಲಾಗದೆಂದು ಕಾಣುತ್ತಿತ್ತು. ಒಂದೇ ಗ್ರಂಥದಲ್ಲಿ ಒಂದು ತೀರ್ಪು ಸಾವಿರಕ್ಕೂ ಹೆಚ್ಚು ವರ್ಷ ನಿಂತಿತು, ಇನ್ನೊಂದು ಬಿತ್ತು. ನಿಂತದ್ದು ಹಿಂದಕ್ಕೆ ಗುಣಿಸಿ ನೋಡಿದ ತೀರ್ಪು. ದೊಡ್ಡವರು ಹೇಳಿದರೆಂದು ಒಪ್ಪದೆ ಪರೀಕ್ಷಿಸಿ ನೋಡಬೇಕೆಂಬುದಕ್ಕೆ ಅವರ ಗ್ರಂಥವೇ ಎರಡೂ ಕಡೆಯ ಉದಾಹರಣೆ ಕೊಡುತ್ತದೆ.

ಅವರ ಇಲ್ಲ ಎಂಬ ಮಾತನ್ನು ಮುಂದಿನವರು ಸುಳ್ಳು ಮಾಡಿದರೇ? ನನಗೆ ಹಾಗೆನಿಸುವುದಿಲ್ಲ. ಅವರ ಕೈಯಲ್ಲಿದ್ದ ಸಂಖ್ಯೆಗಳೊಳಗೆ ಅದು ಆಗಲೂ ಸರಿ, ಈಗಲೂ ಸರಿ. ಇವತ್ತಿಗೂ ವಾಸ್ತವ ಸಂಖ್ಯೆಗಳಲ್ಲಿ −4ಕ್ಕೆ ವರ್ಗಮೂಲವಿಲ್ಲ. ಮುಂದಿನವರು ಮಾಡಿದ್ದು ಸಂಖ್ಯೆಗಳ ಊರನ್ನೇ ದೊಡ್ಡದು ಮಾಡಿದ್ದು. ಹಳೇ ಊರಿನ ಗಡಿ ಎಲ್ಲಿದೆಯೆಂದು ಯಾರಾದರೂ ಗಟ್ಟಿಯಾಗಿ ಗುರುತಿಸಿದ್ದರಿಂದಲೇ ಅದರಾಚೆ ಏನಿದೆ ಎಂಬ ಪ್ರಶ್ನೆಗೆ ಅರ್ಥ ಬಂತು.

ಮಹಾವೀರಾಚಾರ್ಯರ ತಂದೆ ತಾಯಿ, ಹುಟ್ಟಿದ ಊರು, ತೀರಿಕೊಂಡ ವರ್ಷ ಯಾವುದೂ ಗ್ರಂಥದಲ್ಲಿಲ್ಲ. ರಾಜನನ್ನು ಹೊಗಳಲು ಪದ್ಯಗಳನ್ನು ಕೊಟ್ಟವರು ತಮ್ಮ ಬಗ್ಗೆ ಬರೆದುಕೊಳ್ಳಲಿಲ್ಲ. ಆದರೆ ಗ್ರಂಥ ದಕ್ಷಿಣ ಭಾರತದಲ್ಲೆಲ್ಲ ಹರಡಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ ‘ವ್ಯವಹಾರಗಣಿತ’ದಂಥ ಗ್ರಂಥಗಳಿಂದ ಕನ್ನಡದಲ್ಲೇ ಗಣಿತ ಬರೆಯುವ ದಾರಿ ತೆರೆದ. ಆಮೇಲೆ ಎಷ್ಟೋ ಕಾಲ ‘ಗಣಿತಸಾರಸಂಗ್ರಹ’ ಹಸ್ತಪ್ರತಿಗಳಲ್ಲೇ ಉಳಿದಿತ್ತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಆ ಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಅವರಿಗೆ ಸಿಕ್ಕ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಸಂಸ್ಕೃತದ ಲೆಕ್ಕಗಳನ್ನು ಕನ್ನಡ ಅಕ್ಷರದಲ್ಲಿ ಯಾರೋ ಕೂತು ನಕಲು ಮಾಡಿ ಇಟ್ಟಿದ್ದರಿಂದ ಈ ಹೆಸರು ನಮ್ಮ ಪಠ್ಯಪುಸ್ತಕದವರೆಗೆ ಬಂದಿದೆ.

ಗೆಳೆಯರೇ, ಮುಂದೆ ಎಂದಾದರೂ ಪರದೆಯ ಮೇಲೆ ಎರರ್ ಎಂದು ಬಂದರೆ ಯಂತ್ರವನ್ನು ಬೈಯಬೇಡಿ, ಉತ್ತರ ಬಂದರೆ ಕೂಡಲೇ ನಂಬಲೂಬೇಡಿ. ಘಾತಾಂಕವನ್ನು ಸಂಕ್ಷಿಪ್ತ ರೂಪಕ್ಕೆ ತನ್ನಿ. ಛೇದ ಬೆಸವೋ ಸಮವೋ ನೋಡಿ. ಪ್ರಶ್ನೆ ವಾಸ್ತವ ಸಂಖ್ಯೆಗಳದ್ದೋ ಸಂಕೀರ್ಣ ಸಂಖ್ಯೆಗಳದ್ದೋ ಕೇಳಿಕೊಳ್ಳಿ. ಬಂದ ಉತ್ತರವನ್ನು ಹಿಂದಕ್ಕೆ ಗುಣಿಸಿ ನೋಡಿ. ಇಷ್ಟಕ್ಕೆ ಒಂದು ಪೆನ್ಸಿಲ್ ಸಾಕು. ಹಾಗೆಯೇ, ಪ್ರಥಮ ಪಿಯುಸಿಯ ತಂಗಿ ತಮ್ಮಂದಿರು ಗಣಿತ ಪುಸ್ತಕ ತೆರೆದಾಗ ಅಧ್ಯಾಯದ ಕೊನೆಯ ಆ ಸಣ್ಣ ಭಾಗವನ್ನು ಓದದೆ ಬಿಡಬೇಡಿ. ಅಲ್ಲಿರುವ ಹೆಸರುಗಳಲ್ಲಿ ಒಂದಾದರೂ ನಮ್ಮ ನಾಡಿನದು.